ಜೋಡಿ ಕೋರುಗಳ ಗುರುತು

ಲಿನಕ್ಸ್ ಗಣಕದೊಳಗೆ ವರ್ಚುವಲ್ ಮಷಿನ್ ಒಂದನ್ನು ನೆಲೆಗೊಳಿಸಿ, ಎಂಟು ಪ್ರೊಸೆಸರುಗಳಲ್ಲಿ ನಾಲ್ಕನ್ನು ಅದಕ್ಕೆಂದೇ ಮೀಸಲಿಟ್ಟರೂ ಅದು ನಡುನಡುವೆ ಮುಗ್ಗರಿಸುವದೇಕೆ, ಅದರೊಡನೆ ಮೂಲ ಗಣಕವೂ ಏದುಸಿರು ಬಿಡುವದೇಕೆ ಎಂಬ ಪ್ರಶ್ನೆ ನಿಮ್ಮ ಪತ್ರಗಳಲ್ಲಿ ಮತ್ತೆ ಮತ್ತೆ ಬರುತ್ತಿದೆ. ತಂಬೂರದ ತರುಣರೊಬ್ಬರು ತಮ್ಮ ಪಾಲುಪಟ್ಟಿಯನ್ನೇ ಬರೆದು ಕಳಿಸಿದ್ದಾರೆ: 0, 1, 2, 3 ವರ್ಚುವಲ್ ಮಷಿನ್ನಿಗೆ, 4, 5, 6, 7 ಮೂಲ ಗಣಕಕ್ಕೆ. ನೋಡಲು ನ್ಯಾಯವಾದ ಪಾಲು. ದೋಷವೆಲ್ಲ ಅದರಲ್ಲಿಯೇ ಇದೆ.

ಇಂಟೆಲ್ ಸಂಸ್ಥೆಯು 2002ರಲ್ಲಿ ಹೈಪರ್‌ಥ್ರೆಡಿಂಗ್ ತಂದಂದಿನಿಂದ, ಅದು ಇರುವ ಗಣಕಗಳಲ್ಲಿ ಒಂದೇ ಭೌತಿಕ ಕೋರು ವ್ಯವಸ್ಥೆಯ ಕಣ್ಣಿಗೆ ಎರಡು ಪ್ರೊಸೆಸರುಗಳಾಗಿ, ಎಂದರೆ ಎರಡು ಥ್ರೆಡ್ಡುಗಳಾಗಿ, ತೋರುತ್ತದೆ. ಒಂದೇ ಒಲೆಯ ಮುಂದೆ ಅತ್ತಿಗೆ ನಾದಿನಿಯರಿಬ್ಬರು ಕುಳಿತು ಜೋಳದ ರೊಟ್ಟಿ ಮಾಡಿದಂತೆ ಇದು: ಒಬ್ಬಳು ಬಡಿಯುತ್ತಿರುವಾಗ ಇನ್ನೊಬ್ಬಳದು ಹಂಚಿನ ಮೇಲೆ ಬೇಯುವದರಿಂದ ಕೆಲಸ ತುಸು ಬೇಗ ಸಾಗುವದು ನಿಜ, ಆದರೆ ಇಬ್ಬರಿಗೂ ಒಮ್ಮೆಲೇ ಹಂಚು ಬೇಕಾದಾಗ ಒಬ್ಬಳು ಕಾಯಲೇಬೇಕು. ಎರಡು ಥ್ರೆಡ್ ಎಂದರೆ ದುಪ್ಪಟ್ಟು ವೇಗವೆಂಬ ಅಂಗಡಿಮಾತನ್ನು ದಯವಿಟ್ಟು ಬಿಟ್ಟುಬಿಡಿರಿ.

ತಂಬೂರದ ಮಿತ್ರರ ಗಣಕದಲ್ಲಿ 0ರೊಡನೆ ಒಂದೇ ಕೋರಿನಲ್ಲಿರುವ ಜೋಡಿ 1 ಅಲ್ಲ, 4. 1ರ ಜೋಡಿ 5, ಮುಂದಿನವೂ ಹೀಗೆಯೇ. ಆದಕಾರಣ 0ರಿಂದ 3ರವರೆಗೆ ಕೊಟ್ಟ ಅವರು ಎರಡು ಪೂರ್ಣ ಕೋರುಗಳನ್ನು ಕೊಟ್ಟಂತಾಗಲಿಲ್ಲ. ನಾಲ್ಕೂ ಕೋರುಗಳನ್ನು ಅರ್ಧರ್ಧ ಸೀಳಿದಂತಾಯಿತು, ಪ್ರತಿಯೊಂದರಲ್ಲಿಯೂ ಜಗಳ ಹಚ್ಚಿದಂತಾಯಿತು. 0 ಮತ್ತು 1 ಜೋಡಿಯಾಗಿರುವ ಗಣಕದಲ್ಲಿಯಾದರೋ ಅವೇ ನಾಲ್ಕು ಅಂಕಿಗಳು ಎರಡು ಪೂರ್ಣ ಕೋರುಗಳೇ ಆಗುತ್ತಿದ್ದವು. ಅಂಕಿಗಳು ಅವೇ, ಫಲ ಮಾತ್ರ ವಿಪರೀತ. ಒಂದೇ ಮೇಜಿನ ಮೇಲಿನ ಎರಡು ಗಣಕಗಳು ಎರಡು ಬಗೆಯ ಜೋಡಿ ತೋರಿಸಿದ್ದನ್ನು ನಾನೇ ಕಂಡಿದ್ದೇನೆ. ಆದರೂ ಪಕ್ಕದ ಅಂಕಿಯೇ ಜೋಡಿಯೆಂದು ಸಾಧಿಸುವ ಪಂಡಿತರಿಗೆ ಕೊರತೆಯಿಲ್ಲ. ಗೆಳೆಯನ ಪಟ್ಟಿಯನ್ನು ನಕಲು ಮಾಡಬೇಡಿರಿ. ಮತ್ತೊಮ್ಮೆ ಹೇಳುತ್ತೇನೆ, ಯಾರ ಪಟ್ಟಿಯನ್ನೂ ನಕಲು ಮಾಡಬೇಡಿರಿ. ನಿಮ್ಮ ಗಣಕವನ್ನೇ ಕೇಳಿರಿ.

ಟರ್ಮಿನಲ್ಲಿನಲ್ಲಿ ಎಲ್‌ಎಸ್‌ಸಿಪಿಯು ಎಂದು ಚಿಕ್ಕಕ್ಷರಗಳಲ್ಲಿ ಬರೆದು, ಜಾಗ ಬಿಟ್ಟು, ಒಂದು ಅಡ್ಡಗೆರೆ ಹಾಗೂ ಇಂಗ್ಲಿಷಿನ ಚಿಕ್ಕ ‘ಇ’ ಸೇರಿಸಿದರೆ ಕೋಷ್ಟಕವೊಂದು ಮೂಡುತ್ತದೆ. ಅದರ ‘ಕೋರ್’ ಎಂಬ ಅಂಕಣದಲ್ಲಿ ಒಂದೇ ಅಂಕಿ ಬಂದಿರುವ ಎರಡು ಸಾಲುಗಳೇ ಜೋಡಿ. 2021ರಲ್ಲಿ ಬಂದ ಇಂಟೆಲ್ಲಿನ ಹನ್ನೆರಡನೆಯ ಪೀಳಿಗೆಯಲ್ಲಿ ಜೋಡಿಯಿಲ್ಲದ ಸಣ್ಣ ಕೋರುಗಳೂ ಇರುವವು.

ತಂಬೂರದ ಮಿತ್ರರು 0, 4, 1, 5ನ್ನು ಮೂಲ ಗಣಕಕ್ಕೇ ಬಿಟ್ಟು, 2, 6, 3, 7ನ್ನು ವರ್ಚುವಲ್ ಮಷಿನ್ನಿಗೆ ಇದೇ ಕ್ರಮದಲ್ಲಿ ಕಟ್ಟಲಿ. ಅದರ ಸೆಟ್ಟಿಂಗಿನಲ್ಲಿ ‘ಕೋರ್ 2, ಥ್ರೆಡ್ 2’ ಎಂದು ಬರೆಯುವದನ್ನು ಮರೆಯದಿರಲಿ, ಇಲ್ಲವಾದರೆ ಒಳಗಿನ ವ್ಯವಸ್ಥೆಗೆ ತನ್ನ ಜೋಡಿ ಯಾವದೆಂದು ತಿಳಿಯುವದೇ ಇಲ್ಲ.