ಚೀಟಿಯಿಲ್ಲದ ಬಾಡಿಗೆ, ಕೀಲಿಕೈ ಸಿಗದ ಡಿಕ್ರಿ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದಿಂದ ಬಂದಿರುವ ವಕೀಲ ಮಿತ್ರರೇ, ಮನೆ-ಮಳಿಗೆಗಳ ಮಾಲೀಕರೇ,

‘ಬಾಡಿಗೆದಾರನ್ನ ಬಿಡಿಸಾಕ ಎಷ್ಟ ದಿನ ಬೇಕ್ರಿ ಸಾಹೇಬ್ರ?’ ಕಕ್ಷಿದಾರರ ಮೊದಲ ಪ್ರಶ್ನೆಯೇ ಇದು. ನಾವು ದಾವೆ ಹಾಕಿದ ದಿನದಿಂದ ತೀರ್ಪಿನ ದಿನದವರೆಗೆ ಎಣಿಸಿ ಉತ್ತರ ಹೇಳುತ್ತೇವೆ. ನನ್ನ ತಕರಾರು ಆ ಎಣಿಕೆಯ ಮೇಲೆಯೇ. ಕಾಲ ಸೋರಿಹೋಗುವುದು ಹೆಚ್ಚಾಗಿ ದಾವೆಗೆ ಮುಂಚೆ, ಮತ್ತೆ ಡಿಕ್ರಿಯಾದ ಮೇಲೆ.

ನಮ್ಮ ಕಡೆ ಮನೆ ಕೊಡುವುದು ಮಾತಿನ ಮೇಲೆ. ಪರಿಚಯದವರ ಹತ್ತಿರ ಕರಾರು ಪತ್ರ ಕೇಳಲು ಸಂಕೋಚ. 1999ರ ಕರ್ನಾಟಕ ಬಾಡಿಗೆ ಅಧಿನಿಯಮದ 43ನೇ ಕಲಮು ಈ ಸಂಕೋಚಕ್ಕೆ ದಂಡ ಹಾಕುತ್ತದೆ. ಕರಾರಿಲ್ಲ, ಬಾಡಿಗೆ ಪಾವತಿಯ ಚೀಟಿಯೂ ಇಲ್ಲ, ಎದುರಿನವನು ‘ನಾನು ಇವರ ಬಾಡಿಗೆದಾರನೇ ಅಲ್ಲ’ ಎಂದ. ನ್ಯಾಯಾಲಯ ಅಲ್ಲಿಗೇ ವಿಚಾರಣೆ ನಿಲ್ಲಿಸಿ, ‘ಸಂಬಂಧವನ್ನು ಸಿವಿಲ್ ಕೋರ್ಟಿನಲ್ಲಿ ಸಾಬೀತು ಮಾಡಿಕೊಂಡು ಬನ್ನಿ’ ಎನ್ನಬೇಕಾಗುತ್ತದೆ. ವರ್ಷಗಳು ಹೋಗುವುದು ಇಲ್ಲಿ.

ಅಂಗಡಿ-ಗೋದಾಮುಗಳ ಕಥೆ ಬೇರೆ. 14 ಚದರ ಮೀಟರಿಗಿಂತ ದೊಡ್ಡ ವಾಣಿಜ್ಯ ಜಾಗಕ್ಕೆ ಈ ಕಾಯ್ದೆಯೇ ಅನ್ವಯಿಸದು. ಸಣ್ಣ ಅಂಗಡಿಕಾರನಿಗೆ ಉಳಿದಿರುವ ಆ ರಕ್ಷಣೆ ನ್ಯಾಯವಾದದ್ದೇ, ಅದರ ಬಗ್ಗೆ ನನ್ನ ಗೊಣಗಾಟವಿಲ್ಲ. ಆದರೆ ನಿಪ್ಪಾಣಿಯ ತಂಬಾಕು ಗೋದಾಮನ್ನು ಬಿಡಿಸಬೇಕೆಂದರೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಮಿಗೆ ಹೋಗಬೇಕು. ಮಾಲೀಕ 15 ದಿನಗಳ ನೋಟಿಸು ಕೊಡುತ್ತಾನೆ. ಬಾಡಿಗೆದಾರ, ‘ಇಲ್ಲಿ ತಂಬಾಕು ಬರೀ ಇಡುವುದಿಲ್ಲ, ಹದ ಮಾಡುತ್ತೇವೆ, ಇದು ಉತ್ಪಾದನೆ, ಆರು ತಿಂಗಳ ನೋಟಿಸು ಬೇಕಿತ್ತು’ ಎನ್ನುತ್ತಾನೆ. ದಾಸ್ತಾನೋ ಉತ್ಪಾದನೆಯೋ ಎಂಬುದಕ್ಕೇ ಸಾಕ್ಷಿ, ಪಾಟೀಸವಾಲು, ತಾರೀಖಿನ ಮೇಲೆ ತಾರೀಖು. ನೋಟಿಸಿನ ಅವಧಿ ಕಡಿಮೆ ಬಿತ್ತೆಂಬ ಒಂದೇ ಕಾರಣಕ್ಕೆ ದಾವೆ ಬೀಳಬಾರದೆಂದು 2002ರ ತಿದ್ದುಪಡಿ ಹೇಳಿದೆ. ನಿಜವಾದ ಅವಧಿ ಮುಗಿದ ಮೇಲೆ ದಾವೆ ಹಾಕಿದ್ದರೆ ಸಾಕು. ನೋಟಿಸು ಬರೆಯುವ ನಾವೇ ಇದನ್ನು ಎಷ್ಟು ಸಲ ಮರೆಯುತ್ತೇವೆ!

ಇನ್ನು ಡಿಕ್ರಿಯ ನಂತರ. ಮೇಲ್ಮನವಿ ಇದ್ದದ್ದೇ. 2008ರಲ್ಲಿ ಧಾರವಾಡಕ್ಕೆ ಹೈಕೋರ್ಟ್ ಪೀಠ ಬಂದು ಬೆಂಗಳೂರಿನ ಓಡಾಟವಾದರೂ ತಪ್ಪಿತು. ಎಲ್ಲ ಗೆದ್ದು, ಡಿಕ್ರಿ ಜಾರಿ ಮಾಡಿಸಲು ಅಮಲ್ಜಾರಿ ಅರ್ಜಿ ಹಾಕಿ ಕೋರ್ಟಿನ ಬೆಲಿಫನ ಜೊತೆ ಹೋದರೆ, ಬಾಗಿಲಲ್ಲಿ ಬಾಡಿಗೆದಾರನ ಸೋದರಳಿಯ ನಿಂತಿರುತ್ತಾನೆ: ‘ಸ್ವಾಧೀನ ನಂದು.’ ಮತ್ತೊಂದು ವಿಚಾರಣೆ.

ಬೆಂಗಳೂರಿನದೇ ಜಾಗದ ವ್ಯಾಜ್ಯವೊಂದರಲ್ಲಿ, ರಾಹುಲ್ ಷಾ ಪ್ರಕರಣದಲ್ಲಿ, ಅಮಲ್ಜಾರಿ ಅರ್ಜಿಗಳು ಆರು ತಿಂಗಳಲ್ಲಿ ಮುಗಿಯಬೇಕೆಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತು. 2025ರಲ್ಲಿ ಅದೇ ನ್ಯಾಯಾಲಯ ಲೆಕ್ಕ ತರಿಸಿ ನೋಡಿದಾಗ ದೇಶದಲ್ಲಿ 8.82 ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಾಕಿಯಿದ್ದವು. ಆಗ ಅಂಕಿಅಂಶ ಕೊಡದೆ ಉಳಿದದ್ದು ನಮ್ಮ ಕರ್ನಾಟಕವೇ.

ಆದ್ದರಿಂದ ಇಂದಿನ ಗೋಷ್ಠಿಗಳಿಗೆ ನನ್ನ ಬೇಡಿಕೆ ಒಂದೇ. ಈ ಐದು ತಾಲ್ಲೂಕುಗಳ ಬಾಡಿಗೆ ಡಿಕ್ರಿಗಳ ಅಮಲ್ಜಾರಿ ಅರ್ಜಿಗಳನ್ನು ವಕೀಲರೇ ಸೇರಿ ಪಟ್ಟಿ ಮಾಡೋಣ: ಯಾವ ವರ್ಷದ್ದು, ಯಾವ ತಕರಾರಿಗೆ ನಿಂತಿದೆ, ಮೂಲದಲ್ಲಿ ಕರಾರು ಪತ್ರ ಇತ್ತೋ ಇಲ್ಲವೋ. ಆ ಪಟ್ಟಿ ಕೈಗೆ ಬಂದ ಮೇಲೆ ಕಕ್ಷಿದಾರನ ಪ್ರಶ್ನೆಗೆ ಅಂದಾಜಿನ ಉತ್ತರ ಹೇಳುವುದನ್ನು ನಿಲ್ಲಿಸಬಹುದು.