ಹಳೆಯ ಬಿಂಬ, ಹಳೆಯ ಓಲೆ: ಗುರುತು ಮತ್ತು ರಕ್ಷಣೆ

(ಪ್ರತಿಷ್ಠಾ ಮಹೋತ್ಸವದ ಧಾರ್ಮಿಕ ಸಭೆಯಲ್ಲಿ ನೀಡಿದ ಉಪನ್ಯಾಸ)



ಬಸದಿಯ ಪ್ರತಿಷ್ಠಾ ಮಹೋತ್ಸವವೆಂದರೆ ಊರಿಗೆ ಊರೇ ಹೊಸದಾಗುವ ಸಂದರ್ಭ. ಗೋಡೆಗಳಿಗೆ ಸುಣ್ಣ ಬೀಳುತ್ತದೆ; ಮಾಡಿಗೆ ಹೊಸ ಹೊದಿಕೆ ಬರುತ್ತದೆ; ನೆಲಕ್ಕೆ ನುಣುಪಾದ ಕಲ್ಲು ಹಾಸಲಾಗುತ್ತದೆ. ಪಂಚಕಲ್ಯಾಣಗಳ ವಿಧಿ ಮುಗಿದು ನೂತನ ಜಿನಬಿಂಬವು ವೇದಿಕೆಯನ್ನೇರುವಾಗ ನೆರೆದವರ ಕಣ್ಣುಗಳೆಲ್ಲ ಅತ್ತಲೇ ನೆಟ್ಟಿರುತ್ತವೆ. ಆ ಹೊತ್ತಿನಲ್ಲಿ ಹಳೆಯ ಬಿಂಬಗಳು ಎಲ್ಲಿರುತ್ತವೆ? ಕೆಲವು ಗರ್ಭಗೃಹದಲ್ಲಿಯೇ, ಹುಣಿಸೆಹಣ್ಣು ಹಚ್ಚಿ ತಿಕ್ಕಿಸಿಕೊಂಡು, ಹೊಸದರಂತೆ ಥಳಥಳಿಸುತ್ತಿರುತ್ತವೆ. ಕೆಲವು ಕತ್ತಲೆ ಕೋಣೆಯ ಮೂಲೆಯಲ್ಲಿ ಬಟ್ಟೆ ಸುತ್ತಿಸಿಕೊಂಡು ಮಲಗಿರುತ್ತವೆ. ಬೆರಳೊಂದು ಮುರಿದಿದೆಯೆಂಬ ಕಾರಣಕ್ಕೆ ಕೆಲವು ಬಾವಿಗೋ ಹೊಳೆಗೋ ಸೇರಿರುತ್ತವೆ. ಬಸದಿಯ ಪ್ರಾಚೀನ ಸಂಪತ್ತು ನಷ್ಟವಾಗುವುದು ಕಳ್ಳರಿಂದ ಮಾತ್ರವಲ್ಲ, ಭಕ್ತರ ತಿಳಿಯದ ಶ್ರದ್ಧೆಯಿಂದಲೂ ಹೌದೆಂಬುದನ್ನು ಸಂಕೋಚವಿಲ್ಲದೆ ಒಪ್ಪಿಕೊಳ್ಳಬೇಕಾಗಿದೆ.

ಶ್ರಾವಕನಿಗೆ ಜಿನಬಿಂಬವು ಪ್ರಾಚ್ಯವಸ್ತುವಲ್ಲ, ಪೂಜ್ಯವಸ್ತು. ಇದರಲ್ಲಿ ಎರಡು ಮಾತಿಲ್ಲ. ಆದರೆ ಅದೇ ಬಿಂಬವು ಅದನ್ನು ಮಾಡಿಸಿದ ಪೂರ್ವಿಕರ ಕೈಬರಹದ ಸಾಕ್ಷಿಯೂ ಆಗಿದೆ. ಪೀಠದ ಮೇಲೆ ಅವರ ಹೆಸರುಂಟು, ಅವರ ಗುರುಗಳ ಹೆಸರುಂಟು, ಅವರು ಆಚರಿಸಿದ ನೋಂಪಿಯ ಹೆಸರುಂಟು. ಪೂಜ್ಯತೆಯು ಪ್ರತಿಷ್ಠಾವಿಧಿಯಿಂದ ಮತ್ತೆ ಬರಬಹುದು. ಆದರೆ ಅಳಿಸಿಹೋದ ಅಕ್ಷರವು ಯಾವ ವಿಧಿಯಿಂದಲೂ ಮರಳಿ ಬಾರದು. ಆದುದರಿಂದ ಹಳೆಯದನ್ನು ಮೊದಲು ಗುರುತಿಸಬೇಕು, ಬರೆದಿಡಬೇಕು. ಆಮೇಲೆ ಅದನ್ನು ಮುಟ್ಟಬೇಕು. ಈ ಉಪನ್ಯಾಸದ ಸಾರವೆಲ್ಲ ಈ ಒಂದು ಮಾತಿನಲ್ಲಿದೆ.

ಗುರುತಿಸುವ ಕ್ರಮ

ಬಿಂಬವು ಯಾವ ತೀರ್ಥಂಕರರದು ಎಂಬುದು ಮೊದಲನೆಯ ಪ್ರಶ್ನೆ. ಲಾಂಛನವನ್ನು ನೋಡಿದರೆ ಸಾಕೆಂದು ಸಾಮಾನ್ಯವಾಗಿ ತಿಳಿಯಲಾಗುತ್ತದೆ. ವೃಷಭವಿದ್ದರೆ ಆದಿನಾಥ, ಅರ್ಧಚಂದ್ರನಿದ್ದರೆ ಚಂದ್ರಪ್ರಭ, ಹರಿಣವಿದ್ದರೆ ಶಾಂತಿನಾಥ, ಶಂಖವಿದ್ದರೆ ನೇಮಿನಾಥ, ಸಿಂಹವಿದ್ದರೆ ಮಹಾವೀರ ಎಂಬುದು ಬಾಲಕರಿಗೂ ತಿಳಿದ ವಿಷಯ. ಆದರೆ ಪ್ರಾಚೀನ ಬಿಂಬಗಳಲ್ಲಿ ಹಲವಕ್ಕೆ ಲಾಂಛನವೇ ಇಲ್ಲ. ಇನ್ನು ಪೀಠದ ಎರಡು ತುದಿಗಳಲ್ಲಿರುವ ಸಿಂಹಗಳನ್ನು ಕಂಡು, ಬೇರೆ ತೀರ್ಥಂಕರರ ಬಿಂಬವನ್ನು ಮಹಾವೀರರದೆಂದು ಪಟ್ಟಿಯಲ್ಲಿ ಬರೆದುಬಿಡುವುದು ಸುಲಭವಾಗಿ ಆಗುವ ತಪ್ಪು. ತುದಿಯ ಸಿಂಹಗಳು ಸಿಂಹಾಸನದವು. ಅದು ಎಲ್ಲ ಜಿನರಿಗೂ ಸಮಾನವಾದ ಪ್ರಾತಿಹಾರ್ಯ. ಲಾಂಛನವನ್ನು ಪೀಠದ ನಡುವೆ ಹುಡುಕಬೇಕು.

ಲಾಂಛನವಿಲ್ಲದಿದ್ದಾಗ ಯಕ್ಷ-ಯಕ್ಷಿಯರು ದಾರಿ ತೋರಿಸುತ್ತಾರೆ. ಧರಣೇಂದ್ರ-ಪದ್ಮಾವತಿಯರಿದ್ದರೆ ಪಾರ್ಶ್ವನಾಥ, ಸರ್ವಾಹ್ಣ-ಕೂಷ್ಮಾಂಡಿನಿಯರಿದ್ದರೆ ನೇಮಿನಾಥ, ಜ್ವಾಲಾಮಾಲಿನಿಯಿದ್ದರೆ ಚಂದ್ರಪ್ರಭ. ಹೆಗಲ ಮೇಲೆ ಇಳಿಬಿದ್ದ ಜಟೆಯು ಆದಿನಾಥರ ಗುರುತು. ಹೆಡೆಗಳ ವಿಷಯದಲ್ಲಿಯೂ ಎಣಿಕೆ ಬೇಕು: ಐದು ಹೆಡೆಗಳಿದ್ದರೆ ಸುಪಾರ್ಶ್ವನಾಥರಿರಬಹುದು, ಏಳಿದ್ದರೆ ಸಾಮಾನ್ಯವಾಗಿ ಪಾರ್ಶ್ವನಾಥರು. ಪ್ರಭಾವಳಿಯು ಬಿಂಬದೊಡನೆಯೇ ಹುಟ್ಟಿದ್ದೇ, ಅಥವಾ ಬೇರೊಂದು ಬಿಂಬದಿಂದ ತಂದು ಕೂಡಿಸಿದ್ದೇ ಎಂಬುದನ್ನೂ ನೋಡಬೇಕು. ಅದು ಪೀಠದ ಗೂಡಿಗೆ ಸರಿಯಾಗಿ ಕೂಡದಿದ್ದರೆ ಸಂಶಯಕ್ಕೆ ಎಡೆಯುಂಟು.

ಪೀಠದ ಬರಹ

ಎರಡನೆಯದು ಶಾಸನ. ಪೀಠದ ಮುಂಭಾಗಕ್ಕಿಂತ ಹಿಂಭಾಗದಲ್ಲಿಯೂ ಪಕ್ಕಗಳಲ್ಲಿಯೂ ಬರಹವಿರುವುದುಂಟು. ಮೂಲಸಂಘ, ದೇಶಿಯ ಗಣ, ಪುಸ್ತಕ ಗಚ್ಛ, ಕೊಂಡಕುಂದಾನ್ವಯ ಎಂಬ ಪದಗಳು ಕಂಡರೆ ಅದು ಗುರುಪರಂಪರೆಯ ವಿವರ. ಅನಂತನೋಂಪಿಯ ಉದ್ಯಾಪನೆಗೆ ಮಾಡಿಸಿದ್ದೆಂದು ಬರೆದಿದ್ದರೆ ಅದು ಒಂದು ಮನೆತನದ ವ್ರತದ ಕಥೆ. ಶ್ರವಣಬೆಳಗೊಳದ ಮಠದ ಕೆಲವು ಲೋಹಬಿಂಬಗಳ ಮೇಲೆ ಗ್ರಂಥಲಿಪಿಯ ಬರಹಗಳಿವೆ. 19ನೆಯ ಶತಮಾನದ ಮಧ್ಯದಲ್ಲಿ ತಮಿಳುನಾಡಿನ ಶ್ರಾವಕರು ಅವನ್ನು ಅರ್ಪಿಸಿದರು. ಆದುದರಿಂದ ಕನ್ನಡ ನಾಡಿನ ಬಸದಿಯಲ್ಲಿ ಬೇರೆ ಲಿಪಿ ಕಂಡಿತೆಂದು ಬಿಂಬವನ್ನು ಕೃತಕವೆನ್ನಲಾಗದು. ಅದು ದೂರದ ಭಕ್ತನ ಕಾಣಿಕೆಯಿರಬಹುದು.

ಹುಡುಕಿದಷ್ಟೂ ಶಾಸನಗಳು ದೊರೆಯುತ್ತವೆ ಎಂಬುದಕ್ಕೆ ಬೆಳಗೊಳವೇ ನಿದರ್ಶನ. ಬಿ. ಎಲ್. ರೈಸ್ ಅವರು 1889ರಲ್ಲಿ ಅಲ್ಲಿನ 144 ಶಾಸನಗಳನ್ನು ಪ್ರಕಟಿಸಿದರು. ಆರ್. ನರಸಿಂಹಾಚಾರ್ಯರ 1923ರ ಪರಿಷ್ಕರಣದಲ್ಲಿ ಅವು 500 ಆದವು. 1973ರ ಆವೃತ್ತಿಯಲ್ಲಿ 573 ಆದವು. ಕಲ್ಲುಗಳು ಹೊಸದಾಗಿ ಹುಟ್ಟಲಿಲ್ಲ. ನೋಡುವ ಕಣ್ಣುಗಳು ಹೆಚ್ಚಿದವು. ಇಷ್ಟು ವಿದ್ವಾಂಸರು ಓಡಾಡಿದ ಕ್ಷೇತ್ರದಲ್ಲಿಯೇ ಹೀಗಿರುವಾಗ, ಯಾರೂ ನೋಡದ ಹಳ್ಳಿಯ ಬಸದಿಗಳಲ್ಲಿ ಓದದೆ ಉಳಿದುದೆಷ್ಟೋ!

ಕಾಲದ ಪರೀಕ್ಷೆ

ಶಾಸನದಲ್ಲಿ ಶಕವರ್ಷವೂ ಸಂವತ್ಸರದ ಹೆಸರೂ ಇದ್ದರೆ, ಅವೆರಡೂ ಒಂದಕ್ಕೊಂದು ಹೊಂದುತ್ತವೆಯೇ ಎಂದು ಯಾರು ಬೇಕಾದರೂ ಪರೀಕ್ಷಿಸಬಹುದು. ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಬೇಕು. ಉಳಿಯುವ ಶೇಷವೇ ಪ್ರಭವದಿಂದ ಎಣಿಸಿದ ಸಂವತ್ಸರದ ಸಂಖ್ಯೆ. ಶೇಷವು ಸೊನ್ನೆಯಾದರೆ ಅದು 60ನೆಯ ಸಂವತ್ಸರ. ಕಾರ್ಕಳದ ಬಾಹುಬಲಿ ಮೂರ್ತಿಯನ್ನು ವೀರಪಾಂಡ್ಯನು ಪ್ರತಿಷ್ಠಾಪಿಸಿದುದು ಶಕವರ್ಷ 1353, ವಿರೋಧಿಕೃತ್ ಸಂವತ್ಸರದ ಫಾಲ್ಗುಣ ಶುದ್ಧ ದ್ವಾದಶಿಯಂದು. 1353ಕ್ಕೆ 12 ಕೂಡಿಸಿದರೆ 1365. 60ರಿಂದ ಭಾಗಿಸಿದರೆ ಶೇಷ 45. ಪ್ರಭವದಿಂದ 45ನೆಯದು ವಿರೋಧಿಕೃತ್. ಲೆಕ್ಕ ಸರಿಹೋಯಿತು. ಕ್ರಿಸ್ತಶಕಕ್ಕೆ ಬರಲು ಸಾಮಾನ್ಯವಾಗಿ 78 ಕೂಡಿಸುವುದು ವಾಡಿಕೆ. ಫಾಲ್ಗುಣವು ಚಾಂದ್ರವರ್ಷದ ಕೊನೆಯ ಮಾಸವಾದುದರಿಂದ ಇಲ್ಲಿ 79 ಕೂಡಿಸಬೇಕು. ಹೀಗೆ 1432ರ ಫೆಬ್ರವರಿ 13 ದೊರೆಯುತ್ತದೆ.

ಕೆಲವು ಶಾಸನಗಳು ಕಳೆದ ವರ್ಷವನ್ನಲ್ಲದೆ ನಡೆಯುತ್ತಿರುವ ವರ್ಷವನ್ನು ಎಣಿಸುವುದರಿಂದ ಒಂದು ವರ್ಷದ ಅಂತರ ಬರಬಹುದು. ಅಂತರವು ಹತ್ತು-ಇಪ್ಪತ್ತು ವರ್ಷಗಳದಾದರೆ ಓದಿನಲ್ಲಿ ತಪ್ಪಿರಬೇಕು, ಇಲ್ಲವೇ ಬರಹವೇ ಈಚೆಗೆ ಕೊರೆದದ್ದಿರಬೇಕು.

ನಿಜವೋ ಕೃತಕವೋ

ಹಳೆಯ ವಿಗ್ರಹಗಳಿಗೆ ಪೇಟೆಯಲ್ಲಿ ಬೆಲೆ ಬಂದಂದಿನಿಂದ ಹೊಸದನ್ನು ಹಳೆಯದಾಗಿಸುವ ವಿದ್ಯೆಯೂ ಬೆಳೆದಿದೆ. ಭಕ್ತಿಯಿಂದ ಪುರಾತನ ಬಿಂಬವನ್ನು ಕೊಂಡು ಬಸದಿಗೆ ಅರ್ಪಿಸಬೇಕೆನ್ನುವವರು ಇದನ್ನು ತಿಳಿದಿರಬೇಕು. ಮೇಣದಿಂದ ರೂಪ ಮಾಡಿ, ಮಣ್ಣು ಮೆತ್ತಿ, ಮೇಣವನ್ನು ಕರಗಿಸಿ ಲೋಹ ಎರೆಯುವ ಕ್ರಮವನ್ನು ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ತನ್ನ ‘ಮಾನಸೋಲ್ಲಾಸ’ದಲ್ಲಿ ವಿವರಿಸಿದ್ದಾನೆ. ಆ ಕ್ರಮದಲ್ಲಿ ಬಿಂಬವನ್ನು ಹೊರತೆಗೆಯಲು ಅಚ್ಚನ್ನು ಒಡೆಯಲೇಬೇಕು. ಆದುದರಿಂದ ಒಂದರಂತೆ ಇನ್ನೊಂದು ಇರುವುದಿಲ್ಲ. ಪಕ್ಕಗಳಲ್ಲಿ ಅಚ್ಚಿನ ಎರಡು ಹೋಳುಗಳು ಕೂಡಿದ ಗೆರೆಯಿದ್ದು, ಅದೇ ಅಳತೆಯ ಇನ್ನೊಂದು ಬಿಂಬ ಅಂಗಡಿಯಲ್ಲಿಯೇ ಕುಳಿತಿದ್ದರೆ ಎಚ್ಚರಗೊಳ್ಳಬೇಕು.

ಸವಕಳಿಯೂ ಒಂದು ಸಾಕ್ಷಿ. ನೂರಾರು ವರ್ಷ ಅಭಿಷೇಕ ಕಂಡ ಬಿಂಬದಲ್ಲಿ ಮೂಗು, ಮೊಣಕಾಲು, ಅಂಗೈಯ ಅಂಚುಗಳು ಮೃದುವಾಗಿ ಸವೆದಿರುತ್ತವೆ; ಕೈತಾಗದ ಹಿಂಬದಿಯ ಸಂದುಗಳಲ್ಲಿ ಉಳಿಯ ಗುರುತುಗಳು ಚೂಪಾಗಿ ಉಳಿದಿರುತ್ತವೆ. ಎಲ್ಲೆಡೆಯೂ ಒಂದೇ ಸಮನಾಗಿ ಸವೆದ ಬಿಂಬವು ಕಾಲದಿಂದ ಸವೆದುದಲ್ಲ, ಅರದಿಂದ ಸವೆದದ್ದು. ಅಕ್ಷರಗಳ ತಗ್ಗಿನಲ್ಲಿ ಲೋಹವು ಹೊಳೆಯುತ್ತಿದ್ದು ಸುತ್ತಲೂ ಕಪ್ಪಾಗಿದ್ದರೆ ಬರಹವು ಹೊಸದು. ಕ್ಷ-ಕಿರಣಗಳಿಂದ ಲೋಹದ ಮಿಶ್ರಣವನ್ನು ಕೆರೆಯದೆಯೇ ತಿಳಿಯುವ ಉಪಕರಣಗಳು ಈಗ ಇವೆ. ಆದರೆ ಅವು ಮೇಲ್ಪದರವನ್ನಷ್ಟೇ ಓದುತ್ತವೆ. ಶಿಲ್ಪಶೈಲಿ, ಎರಕ, ಸವಕಳಿ, ಲಿಪಿ, ಕಾಲಗಣನೆ ಈ ಐದು ಸಾಕ್ಷಿಗಳೂ ಒಂದೇ ಮಾತನ್ನು ಹೇಳಿದಾಗ ಮಾತ್ರ ತೀರ್ಪು ಕೊಡುವುದು ಉಚಿತ.

ಹೊಳಪಿನ ಅಪಾಯ

ಈ ಐದು ಸಾಕ್ಷಿಗಳಲ್ಲಿ ಮೂರನ್ನು ಒಂದು ಮುಂಜಾನೆಯ ತಿಕ್ಕುವಿಕೆ ನುಂಗಿಬಿಡಬಲ್ಲುದು. ಹುಣಿಸೆಯ ಹುಳಿಯು ಲೋಹದ ಮೇಲ್ಪದರವನ್ನು ಕರಗಿಸುತ್ತದೆ. ಇಟ್ಟಿಗೆಪುಡಿಯೂ ಬೂದಿಯೂ ಅಕ್ಷರದ ಅಂಚುಗಳನ್ನು ಅರೆಯುತ್ತವೆ. ಕಂದಾಗಿಯೋ ಕಡುಹಸಿರಾಗಿಯೋ ಗಟ್ಟಿಯಾಗಿ ಅಂಟಿಕೊಂಡಿರುವ ಪದರವು ಕೊಳೆಯಲ್ಲ. ಅದು ಲೋಹವು ಶತಮಾನಗಳಲ್ಲಿ ತಾನೇ ನೆಯ್ದುಕೊಂಡ ಕವಚ. ಮುಟ್ಟಿದರೆ ಪುಡಿಯಾಗಿ ಉದುರುವ ತಿಳಿಹಸಿರು ಚುಕ್ಕೆಗಳು ಮಾತ್ರ ರೋಗದ ಲಕ್ಷಣ. ಉಪ್ಪಿನಂಶವೂ ತೇವವೂ ಸೇರಿದಾಗ ಆ ಕಿಲುಬು ಲೋಹವನ್ನು ಒಳಗೊಳಗೇ ತಿನ್ನುತ್ತದೆ. ಅಂಥ ಬಿಂಬವನ್ನು ಒಣಗಿದ ಸ್ಥಳದಲ್ಲಿ ಬೇರೆಯಾಗಿರಿಸಿ ತಜ್ಞರಿಗೆ ತೋರಿಸಬೇಕು, ಮನೆಮದ್ದು ಸಲ್ಲದು.

ಹಾಗಾದರೆ ಪಂಚಾಮೃತಾಭಿಷೇಕವನ್ನೇ ಬಿಡಬೇಕೆ ಎಂದು ಇಂದ್ರರು ಕೇಳಬಹುದು. ಬಿಡಬೇಕಾಗಿಲ್ಲ. ನಿತ್ಯಾಭಿಷೇಕಕ್ಕೆ ಚಿಕ್ಕದಾದ ಬೇರೆ ಬಿಂಬವನ್ನಿಡುವ ಪದ್ಧತಿ ಅನೇಕ ಬಸದಿಗಳಲ್ಲಿ ಇದ್ದೇ ಇದೆ. ಪ್ರಾಚೀನ ಬಿಂಬಕ್ಕೆ ವಿಶೇಷ ಪರ್ವಗಳಲ್ಲಿ ಅಭಿಷೇಕವಾದರೆ ಮೊಸರು, ಎಳನೀರು, ಕಬ್ಬಿನ ರಸಗಳ ಅಂಶ ಉಳಿಯದಂತೆ ಶುದ್ಧಜಲದಿಂದ ತೊಳೆದು, ಪೀಠದ ಸಂದುಗಳಲ್ಲಿಯೂ ಪಸೆ ಉಳಿಯದಂತೆ ಮೃದುವಾದ ಹತ್ತಿಬಟ್ಟೆಯಿಂದ ಒತ್ತಿ ಒರೆಸಿದರೆ ಭಕ್ತಿಗೂ ಭಂಗವಿಲ್ಲ, ಬಿಂಬಕ್ಕೂ ಹಾನಿಯಿಲ್ಲ.

ಭಿನ್ನವಾದ ಬಿಂಬವು ಪೂಜೆಗೆ ಸಲ್ಲದಿರಬಹುದು, ಆದರೆ ಓದಿಗೆ ಸಲ್ಲುತ್ತದೆ. ಅದನ್ನು ನೀರಿಗೆ ಬಿಡುವ ಮೊದಲು ಬಸದಿಯ ಭಂಡಾರದಲ್ಲಾಗಲಿ ವಸ್ತುಸಂಗ್ರಹಾಲಯದಲ್ಲಾಗಲಿ ಗೌರವದಿಂದ ಇರಿಸುವ ದಾರಿಯನ್ನು ಯೋಚಿಸಬೇಕು. ಅಂತೆಯೇ ನಿಸಿಧಿಕಲ್ಲುಗಳನ್ನು ಮೆಟ್ಟಿಲಿಗೆ ಹಾಕುವುದು, ಶಾಸನದ ಮೇಲೆ ಎಣ್ಣೆಬಣ್ಣ ಬಳಿಯುವುದು, ಒಡೆದ ಕಲ್ಲಿಗೆ ಸಿಮೆಂಟು ತುಂಬುವುದು ಜೀರ್ಣೋದ್ಧಾರವೆನಿಸದು.

ಓಲೆಗರಿಯ ರಕ್ಷಣೆ

ವೀರಸೇನಾಚಾರ್ಯರು ಷಟ್‌ಖಂಡಾಗಮಕ್ಕೆ ‘ಧವಲಾ’ ಟೀಕೆಯನ್ನು ಮುಗಿಸಿದುದು 816ರಲ್ಲಿ. ಅದರ ಪ್ರಾಚೀನ ತಾಳೆಗರಿಯ ಪ್ರತಿಗಳು ಹಳಗನ್ನಡ ಲಿಪಿಯಲ್ಲಿ ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಉಳಿದುಬಂದವು. ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಮೊದಲ ಸಂಪುಟ ಅಚ್ಚಾದುದು 1939ರಲ್ಲಿ. ಆ ನಡುವಣ ಶತಮಾನಗಳಲ್ಲಿ ಗರಿಗಳನ್ನು ಗೆದ್ದಲಿಗೂ ಮಳೆಗೂ ಬಿಟ್ಟುಕೊಡದೆ ಕಾದವರು ಹೆಸರಿಲ್ಲದ ಶ್ರಾವಕರು. ಬರೆಸಿದವರ ಪುಣ್ಯಕ್ಕಿಂತ ಕಾದವರ ಪುಣ್ಯವು ಕಡಮೆಯದಲ್ಲ. ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಸಿದ್ಧಪಡಿಸಿದ, 1948ರಲ್ಲಿ ಪ್ರಕಟವಾದ ತಾಡಪತ್ರೀಯ ಗ್ರಂಥಸೂಚಿಯು ಮೂಡಬಿದಿರೆ, ಕಾರ್ಕಳ ಮೊದಲಾದೆಡೆಗಳ ಭಂಡಾರಗಳಲ್ಲಿ ಏನಿದೆ ಎಂಬುದನ್ನು ಲೋಕಕ್ಕೆ ತಿಳಿಸಿತು.

ಶ್ರುತಪಂಚಮಿಯು ಗ್ರಂಥಪೂಜೆಯ ದಿನ. ಅದೇ ಗ್ರಂಥಶೋಧನೆಯ ದಿನವೂ ಆಗಬೇಕು. ಕಟ್ಟುಗಳನ್ನು ಬಿಚ್ಚಿ, ಮೃದುವಾದ ಕುಂಚದಿಂದ ಧೂಳು ತೆಗೆದು, ನೆರಳಿನಲ್ಲಿ ಗಾಳಿಯಾಡಿಸಿ, ಗರಿಗಳ ಸಂಖ್ಯೆಯನ್ನು ಎಣಿಸಿ, ಎರಡು ಹಲಗೆಗಳ ನಡುವೆ ಹದವಾಗಿ ಬಿಗಿದು, ತೊಳೆದ ಹತ್ತಿಬಟ್ಟೆಯಲ್ಲಿ ಸುತ್ತಿ, ಬಳಿಯಲ್ಲಿ ಬಜೆಯ ಗಂಟನ್ನಿಡಬೇಕು. ಬಿಸಿಲಿಗೆ ಒಡ್ಡಬಾರದು. ಕಂಟದಿಂದ ಕೊರೆದ ಗರಿ ಒಣಗಿ ಸಿಡಿಯುತ್ತಿದ್ದರೆ ತಜ್ಞರು ನಿಂಬೆಹುಲ್ಲಿನ ಎಣ್ಣೆಯನ್ನು ತೆಳುವಾಗಿ ಸವರುವುದುಂಟು. ಮಸಿಯಿಂದ ಬರೆದ ಗರಿಗೂ ಚಿತ್ರವುಳ್ಳ ಗರಿಗೂ ಅದನ್ನು ಸೋಕಿಸಲಾಗದು. ಕಟ್ಟಿನ ಕೊನೆಯ ಗರಿಯಲ್ಲಿ ಪ್ರತಿಕಾರನ ಹೆಸರೂ ಕಾಲವೂ ಇರುವುದುಂಟಾದ್ದರಿಂದ ಹರಿದ ಗರಿಯನ್ನು ಎಸೆಯುವುದು ಗ್ರಂಥದ ಜನ್ಮಪತ್ರಿಕೆಯನ್ನೇ ಎಸೆದಂತೆ.

ಕಾಯಿದೆ ಮತ್ತು ಕಡತ

1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯಿದೆಯು 1976ರ ಏಪ್ರಿಲ್ 5ರಿಂದ ಜಾರಿಗೆ ಬಂದಿತು. ಅದರಂತೆ 100 ವರ್ಷಕ್ಕೆ ಕಡಮೆಯಿಲ್ಲದ ವಿಗ್ರಹಾದಿಗಳೂ, 75 ವರ್ಷಕ್ಕೆ ಕಡಮೆಯಿಲ್ಲದ ಮಹತ್ವದ ಹಸ್ತಪ್ರತಿಗಳೂ ಪ್ರಾಚ್ಯವಸ್ತುಗಳು. ಅಧಿಸೂಚಿತವಾದ ಶಿಲಾ ಮತ್ತು ಲೋಹ ವಿಗ್ರಹಗಳನ್ನೂ ಸಚಿತ್ರ ಹಸ್ತಪ್ರತಿಗಳನ್ನೂ ಛಾಯಾಚಿತ್ರಗಳೊಡನೆ ನೋಂದಣಾಧಿಕಾರಿಗಳಲ್ಲಿ ನೋಂದಾಯಿಸತಕ್ಕದ್ದು. ಖಾಸಗಿಯವರು ಅವನ್ನು ಪರದೇಶಕ್ಕೆ ಸಾಗಿಸುವಂತಿಲ್ಲ. ಪರವಾನಿಗೆಯಿಲ್ಲದೆ ಅವುಗಳ ವ್ಯಾಪಾರ ಮಾಡುವಂತಿಲ್ಲ. ನೋಂದಾಯಿಸಿದರೆ ಸರಕಾರವು ಬಿಂಬವನ್ನು ಒಯ್ಯುವುದೆಂಬ ಭಯವು ಕೆಲವರಲ್ಲಿದೆ. ನೋಂದಣಿಯಿಂದ ಬಸದಿಯ ಸ್ವಾಧೀನವು ತಪ್ಪುವುದಿಲ್ಲ. ಕಳುವಾದಾಗ ಬಿಂಬವು ಇದೇ ಬಸದಿಯದೆಂದು ಹೇಳುವ ಆಧಾರವು ಅದರಿಂದ ದೊರೆಯುತ್ತದೆ. ಜೀರ್ಣೋದ್ಧಾರಕ್ಕಾಗಿ ಅಗೆಯುವಾಗ ನೆಲದಡಿ ಏನಾದರೂ ದೊರೆತರೆ ಅದನ್ನು ಜಿಲ್ಲಾಧಿಕಾರಿಗಳಿಗೆ ತಿಳಿಸುವುದೂ ಕರ್ತವ್ಯ.

ಪ್ರತಿ ಬಸದಿಯಲ್ಲಿಯೂ ಒಂದು ಕಡತ ಬೇಕು. ಬಿಂಬದ ಮುಂದೆ, ಹಿಂದೆ, ಪೀಠ ಇವುಗಳ ಛಾಯಾಚಿತ್ರ, ಎತ್ತರ, ಅಗಲ, ತೂಕ, ಶಾಸನದ ಪಾಠ, ಹಳೆಯ ಬಿರುಕು, ಬೆಸುಗೆ, ಮುರಿದ ಭಾಗಗಳ ವಿವರ ಇವಿಷ್ಟನ್ನೂ ಅದರಲ್ಲಿ ಬರೆಯಬೇಕು. ಹೊಸದರಲ್ಲಿ ಇಲ್ಲದ ಕುಂದೇ ಹಳೆಯದರ ನಿಶ್ಚಿತ ಗುರುತು. ಕಡತದ ಒಂದು ಪ್ರತಿಯು ಬಸದಿಯ ಹೊರಗೆ ಬೇರೆಡೆ ಇರಬೇಕು. ಬಿಂಬದೊಡನೆ ಕಡತವೂ ಕಳುವಾದರೆ ಬರೆದುದು ವ್ಯರ್ಥ. ಮನೆಯ ಚೈತ್ಯಾಲಯಗಳಿಗೂ ಇದೇ ಮಾತು. ಅಜ್ಜಿಯು ಪೂಜಿಸಿದ ಚಿಕ್ಕ ಚೌವೀಸಿ ಬಿಂಬವನ್ನು ತೂಕಕ್ಕೆ ಹಾಕಿ ಹೊಸ ಪಾತ್ರೆ ತಂದ ಮನೆಯಲ್ಲಿ ಪಾತ್ರೆಯು ಹತ್ತು ವರ್ಷಕ್ಕೆ ಸವೆಯುತ್ತದೆ. ಬಿಂಬದ ಪೀಠದಲ್ಲಿದ್ದ ಮನೆತನದ ಹೆಸರು ಅಂದೇ ಅಳಿದಿರುತ್ತದೆ.

ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಸಿದಳು, ಸಾವಿರದ ಐನೂರು ಜಿನಬಿಂಬಗಳನ್ನು ಮಾಡಿಸಿದಳು ಎಂದು ನಾಡು ಕೊಂಡಾಡುತ್ತದೆ. ಅಂಥ ಔದಾರ್ಯವು ಎಲ್ಲರಿಗೂ ಸಾಧ್ಯವಲ್ಲ. ಇರುವ ಒಂದು ಬಿಂಬದ ಪೀಠವನ್ನು ಓದಿಸುವುದು, ಇರುವ ಒಂದು ಕಟ್ಟಿನ ಗರಿಗಳನ್ನು ಎಣಿಸಿಡುವುದು ಬಡ ಶ್ರಾವಕನಿಗೂ ಸಾಧ್ಯ. ಇಂದು ಪ್ರತಿಷ್ಠೆಗೊಳ್ಳುತ್ತಿರುವ ನೂತನ ಬಿಂಬವೂ ಮುಂದೊಂದು ಕಾಲಕ್ಕೆ ಹಳೆಯದಾಗುವುದು. ಅದರ ಪೀಠದ ಮೇಲಿನ ಅಕ್ಷರಗಳನ್ನು ಅಂದಿನವರು ಓದುವಂತಾಗಬೇಕಾದರೆ, ಹಿಂದಿನವರ ಅಕ್ಷರಗಳನ್ನು ಕಾಪಾಡುವ ಪಾಠವನ್ನು ಇಂದಿನ ಮಕ್ಕಳು ಈ ಬಸದಿಯಲ್ಲಿಯೇ ಕಲಿಯಬೇಕು. ಮಹೋತ್ಸವದ ಮಂಟಪವನ್ನು ಬಿಚ್ಚುವ ಮೊದಲೇ ಆ ಕಡತದ ಮೊದಲನೆಯ ಪುಟ ಬರೆಯಲ್ಪಡಲಿ.