ಫೋನಿಗೆ ಹೆಡ್‌ಫೋನ್ ಆಂಪ್: ಕೊಳ್ಳುವ ಮುಂಚೆ ಒಂದು ಸಣ್ಣ ಲೆಕ್ಕ

ಇವತ್ತಿನ ವಿಷಯ ಬೆರಳುದ್ದದ ಒಂದು ವಸ್ತು. ಫೋನಿಗೆ ಚುಚ್ಚಿ, ಅದಕ್ಕೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಹಾಡು ಕೇಳುವ ಪೋರ್ಟಬಲ್ ಆಂಪ್.

ನನಗೆ ಮತ್ತೆ ಮತ್ತೆ ಬರುವ ಪ್ರಶ್ನೆ ಇದು: "ಸರ್, ಮೂರು ಸಾವಿರದೊಳಗೆ ಯಾವ ಆಂಪ್ ತಗೊಳ್ಳಲಿ?" ನಾನು ಮಾಡೆಲ್ ಹೆಸರು ಹೇಳೋದಕ್ಕೆ ಮುಂಚೆ ಎರಡು ಪ್ರಶ್ನೆ ತಿರುಗಿ ಕೇಳ್ತೀನಿ. ನಿಮ್ಮ ಹತ್ತಿರ ಇರುವ ಹೆಡ್‌ಫೋನ್ ಯಾವುದು? ಎಲ್ಲಿ ಕೂತು ಕೇಳ್ತೀರಿ? ಈ ಎರಡಕ್ಕೆ ಉತ್ತರ ಸಿಕ್ಕರೆ ಅರ್ಧ ಜನಕ್ಕೆ ಆಂಪ್ ಬೇಕಾಗೋದೇ ಇಲ್ಲ. ಉಳಿದವರಿಗೆ ಯಾವುದು ಬೇಕು ಅನ್ನೋದು ತಾನಾಗಿಯೇ ಗೊತ್ತಾಗುತ್ತೆ.

ಮೊದಲು ಈ ಪ್ರಶ್ನೆ ಯಾಕೆ ಹುಟ್ಟಿತು ನೋಡೋಣ. 2016ರಲ್ಲಿ ಐಫೋನ್ 7 ಬಂದಾಗ ಅದರಲ್ಲಿ ಹೆಡ್‌ಫೋನಿನ ದುಂಡು ತೂತು ಇರಲಿಲ್ಲ. ಆಮೇಲೆ ಒಂದೊಂದಾಗಿ ಬೇರೆ ಕಂಪನಿಗಳೂ ಅದನ್ನು ಮುಚ್ಚಿದವು. ತಂತಿಯ ಹೆಡ್‌ಫೋನ್ ಇಟ್ಟುಕೊಂಡವರಿಗೆ ನಡುವೆ ಏನಾದರೂ ಒಂದು ಬೇಕಾಯಿತು. ಅದನ್ನೇ ಅಂಗಡಿಯಲ್ಲಿ ಒಬ್ಬರು ಡಾಂಗಲ್ ಅಂತಾರೆ, ಇನ್ನೊಬ್ಬರು ಡ್ಯಾಕ್ ಅಂತಾರೆ, ಮತ್ತೊಬ್ಬರು ಆಂಪ್ ಅಂತಾರೆ.

ಇದರಲ್ಲಿ ಎರಡು ಕೆಲಸ ಇದೆ. ಫೋನಿನೊಳಗಿನ ಹಾಡು ಬರೀ ಅಂಕಿಗಳ ಸಾಲು. ಅದನ್ನು ವಿದ್ಯುತ್ತಿನ ಅಲೆಯಾಗಿ ಮಾಡೋದು ಡ್ಯಾಕ್. ಆ ಅಲೆಗೆ ಹೆಡ್‌ಫೋನಿನ ಒಳಗಿನ ಪರದೆಯನ್ನು ಅಲುಗಾಡಿಸುವಷ್ಟು ಬಲ ಕೊಡೋದು ಆಂಪ್. ಇವತ್ತು ನಾವು ಕೊಳ್ಳುವ ಡಾಂಗಲ್‌ಗಳಲ್ಲಿ ಎರಡೂ ಒಟ್ಟಿಗೇ ಇರುತ್ತವೆ.

ಇಲ್ಲೇ ಒಂದು ಎಚ್ಚರಿಕೆ. ರಸ್ತೆ ಬದಿಯಲ್ಲಿ ನೂರು, ನೂರೈವತ್ತಕ್ಕೆ ಸಿಗುವ ಕೆಲವು ಟೈಪ್-ಸಿ ಕನೆಕ್ಟರ್‌ಗಳ ಒಳಗೆ ಚಿಪ್ಪೇ ಇರೋದಿಲ್ಲ, ಬರೀ ತಂತಿ. ಟೈಪ್-ಸಿ ತೂತಿನಿಂದಲೇ ಅಲೆಯ ರೂಪದಲ್ಲಿ ಸದ್ದು ಕಳಿಸುವ ಕೆಲವೇ ಫೋನುಗಳಲ್ಲಿ ಅವು ಕೆಲಸ ಮಾಡುತ್ತವೆ. ಮಿಕ್ಕ ಫೋನುಗಳಲ್ಲಿ ಸದ್ದೇ ಬರೋದಿಲ್ಲ. ಹಾಗಾಗಿ "ಇದರಲ್ಲಿ ಡ್ಯಾಕ್ ಇದೆಯಾ?" ಅಂತ ಕೇಳಿ, ನಿಮ್ಮ ಫೋನಿಗೇ ಹಾಕಿ ನೋಡಿ, ಆಮೇಲೆ ದುಡ್ಡು ಕೊಡಿ.

ಈಗ ಮೊದಲನೇ ಪ್ರಶ್ನೆ: ಹೆಡ್‌ಫೋನ್ ಯಾವುದು? ಅದರ ಡಬ್ಬಿಯ ಮೇಲೆ ಎರಡು ಅಂಕಿ ಹುಡುಕಿ. ಒಂದು ಇಂಪೀಡೆನ್ಸ್, ಓಮ್‌ನಲ್ಲಿ ಬರೆದಿರುತ್ತೆ. ಇನ್ನೊಂದು ಸೆನ್ಸಿಟಿವಿಟಿ, ಡೆಸಿಬೆಲ್‌ನಲ್ಲಿ ಬರೆದಿರುತ್ತೆ, ಅಂದರೆ ಒಂದು ಮಿಲಿವಾಟ್ ಕೊಟ್ಟರೆ ಎಷ್ಟು ಜೋರಾಗಿ ಕೇಳುತ್ತೆ ಅಂತ. ಕೆಲವರು ಒಂದು ವೋಲ್ಟ್‌ಗೆ ಎಷ್ಟು ಅಂತ ಬರೆಯುತ್ತಾರೆ. ಎರಡನ್ನೂ ಹೋಲಿಸುವಾಗ ಆ ವ್ಯತ್ಯಾಸ ನೋಡಿಕೊಳ್ಳಿ.

ಇದನ್ನು ನಮ್ಮ ಸೊಸೈಟಿಯ ನೀರಿನ ಪಂಪಿನ ಹಾಗೆ ಯೋಚಿಸಿ. ಹತ್ತನೇ ಮಹಡಿಯ ಟ್ಯಾಂಕಿಗೆ ನೀರು ಏರಿಸಬೇಕಾದರೆ ಒತ್ತಡ ಬೇಕು. ನೆಲದಲ್ಲೇ ಇರುವ ದೊಡ್ಡ ಸಂಪು ಬೇಗ ತುಂಬಬೇಕಾದರೆ ಒತ್ತಡ ಅಷ್ಟು ಬೇಡ, ದಪ್ಪ ಧಾರೆ ಬೇಕು. ಒತ್ತಡ ಅಂದರೆ ವೋಲ್ಟೇಜ್, ಧಾರೆ ಅಂದರೆ ಕರೆಂಟ್. ಓಮ್ ಜಾಸ್ತಿ ಇರುವ ಹೆಡ್‌ಫೋನ್ ವೋಲ್ಟೇಜ್ ಕೇಳುತ್ತೆ. ಓಮ್ ಕಡಿಮೆ, ಸೆನ್ಸಿಟಿವಿಟಿಯೂ ಕಡಿಮೆ ಇರುವುದು ಕರೆಂಟ್ ಕೇಳುತ್ತೆ.

ನಾಲ್ಕು ಉದಾಹರಣೆ ತಗೊಳ್ಳೋಣ. ತಬಲದ ಒಂದು ಜೋರಾದ ಪೆಟ್ಟು ಸರಾಸರಿ ಸದ್ದಿಗಿಂತ ಕ್ಷಣಮಾತ್ರ ಬಹಳ ಮೇಲೆ ಹೋಗುತ್ತೆ. ಆ ಪೆಟ್ಟಿಗೆ 110 ಡೆಸಿಬೆಲ್ ತನಕ ಜಾಗ ಇರಲಿ ಅಂತ ಇಟ್ಟುಕೊಳ್ಳೋಣ. ನೀವು 110ರಲ್ಲಿ ಕೇಳಬೇಕು ಅಂತ ಅಲ್ಲ, ಅದು ಕ್ಷಣದ ಏರಿಕೆಗೆ ಬಿಟ್ಟ ಮೇಲಿನ ಅಂಚು, ಅಷ್ಟೆ.

ಒಂದು, ಕಿವಿಯೊಳಗೆ ಇಡುವ ಸಾಮಾನ್ಯ ಇಯರ್‌ಫೋನ್. 16 ಓಮ್, ಮಿಲಿವಾಟಿಗೆ 100 ಡೆಸಿಬೆಲ್ ಅಂದುಕೊಳ್ಳಿ. ಬೇಕಾದದ್ದು 10 ಮಿಲಿವಾಟ್, ಅಂದರೆ 0.4 ವೋಲ್ಟ್. ಎರಡು, ಆಡಿಯೋ-ಟೆಕ್ನಿಕಾ ಎಂ50ಎಕ್ಸ್. 38 ಓಮ್, 99 ಡೆಸಿಬೆಲ್. ಅದಕ್ಕೆ ಸುಮಾರು 0.7 ವೋಲ್ಟ್ ಸಾಕು. ಮೂರು, ಬೇಯರ್‌ಡೈನಾಮಿಕ್ ಡಿಟಿ 770 ಪ್ರೋದ 250 ಓಮ್ ಆವೃತ್ತಿ, 96 ಡೆಸಿಬೆಲ್. ಅದಕ್ಕೆ 25 ಮಿಲಿವಾಟ್ ಸಾಕು, ಆದರೆ ವೋಲ್ಟೇಜ್ ಮಾತ್ರ 2.5 ಬೇಕು. ನಾಲ್ಕು, ಹೈಫೈಮ್ಯಾನ್ ಎಚ್‌ಇ400ಎಸ್‌ಇ ಎಂಬ ಪ್ಲೇನಾರ್ ಹೆಡ್‌ಫೋನ್. 25 ಓಮ್, 91 ಡೆಸಿಬೆಲ್. ಇದಕ್ಕೆ 1.4 ವೋಲ್ಟ್ ಸಾಕು, ಆದರೆ ಸುಮಾರು 80 ಮಿಲಿವಾಟ್ ಬೇಕು. ಇದು ಸಂಪು, ದಪ್ಪ ಧಾರೆ ಕೇಳುತ್ತೆ.

ಈಗ ಆಂಪ್‌ಗಳ ಕಡೆ ಬನ್ನಿ. ಆಪಲ್‌ನವರ ಟೈಪ್-ಸಿ ಅಡಾಪ್ಟರ್ ಇದೆಯಲ್ಲ, ಸಾವಿರ ರೂಪಾಯಿ ಆಸುಪಾಸಿನದು, ಅದು ಸುಮಾರು 1 ವೋಲ್ಟ್ ಕೊಡುತ್ತೆ. ಅಂದರೆ ಮೊದಲನೇ ಮತ್ತು ಎರಡನೇ ಹೆಡ್‌ಫೋನಿಗೆ ಅದೇ ಸಾಕು! ಇದರ ಮೇಲೆ ಖರ್ಚು ಮಾಡಿದ ದುಡ್ಡಿಗೆ ಕಿವಿಗೆ ಗೊತ್ತಾಗುವ ಲಾಭ ಸಿಗೋದು ಕಷ್ಟ. ಒಂದೇ ತೊಂದರೆ, ಅನೇಕ ಆಂಡ್ರಾಯ್ಡ್ ಫೋನುಗಳಲ್ಲಿ ಅದರ ದನಿ ಪೂರ್ತಿ ಏರೋದಿಲ್ಲ. ಐಫೋನ್ 15 ಮತ್ತು ಅದರ ಮುಂದಿನವಕ್ಕೆ, ಲ್ಯಾಪ್‌ಟಾಪಿಗೆ ಸರಿ. ಆಂಡ್ರಾಯ್ಡ್‌ನವರು ಬೇರೆ ಕಂಪನಿಯ ಸಣ್ಣ ಡಾಂಗಲ್ ನೋಡೋದು ಮೇಲು.

ಮೂರನೇ, ನಾಲ್ಕನೇ ಹೆಡ್‌ಫೋನ್ ಇರುವವರು ಒಂದು ಮೆಟ್ಟಿಲು ಮೇಲೆ ಹೋಗಬೇಕು. ಮೂರು ಸಾವಿರದ ಆಸುಪಾಸಿನಲ್ಲಿ ಫಿಯೋ ಕೆಎ11 ತರಹದವು ಸಿಗುತ್ತವೆ. 32 ಓಮ್‌ಗೆ 200 ಮಿಲಿವಾಟ್ ಅಂತ ಕಂಪನಿಯ ಲೆಕ್ಕ. ಅಂದರೆ ಸುಮಾರು 2.5 ವೋಲ್ಟ್. ಬೆಲೆ ಏರಿಳಿಯುತ್ತೆ, ಮಾಡೆಲ್ ಬದಲಾಗುತ್ತೆ, ಈ ಲೆಕ್ಕ ಮಾತ್ರ ಬದಲಾಗಲ್ಲ. ಡಬ್ಬಿಯ ಮೇಲೆ ವೋಲ್ಟೇಜ್ ಬರೆದಿದ್ದರೆ ನೇರವಾಗಿ ಹೋಲಿಸಿ. ವಾಟ್ ಮಾತ್ರ ಬರೆದಿದ್ದರೆ ಅದನ್ನು ವಾಟ್‌ನಲ್ಲೇ ಇಟ್ಟು ಓಮ್‌ನಿಂದ ಗುಣಿಸಿ ವರ್ಗಮೂಲ ತೆಗೆಯಿರಿ, ವೋಲ್ಟ್ ಬರುತ್ತೆ. ಹೈಸ್ಕೂಲಿನ ಲೆಕ್ಕ, ಅಷ್ಟೇ.

ಡಾಂಗಲ್ ಬಿಟ್ಟರೆ ಇನ್ನೆರಡು ಜಾತಿ ಇದೆ. ಒಂದು, ತನ್ನದೇ ಬ್ಯಾಟರಿ ಇರುವ ಆಂಪ್, ಫೋನಿನ ದುಂಡು ತೂತಿಗೆ ಸಣ್ಣ ಕೇಬಲ್‌ನಿಂದ ಜೋಡಿಸುವಂಥದ್ದು. ಫೋನ್ ಕೊಟ್ಟ ಅಲೆಯನ್ನೇ ಅದು ದೊಡ್ಡದು ಮಾಡುತ್ತೆ, ಫೋನಿನ ಗೊರಗೊರ ಇದ್ದರೆ ಅದನ್ನೂ ದೊಡ್ಡದು ಮಾಡುತ್ತೆ. ಇನ್ನೊಂದು ಬ್ಲೂಟೂತ್ ಆಂಪ್, ಫಿಯೋದ ಬಿಟಿಆರ್ ಸರಣಿ, ಕ್ಯುಡೆಲಿಕ್ಸ್ 5ಕೆ ತರಹದ್ದು. ಅಂಗಿಗೆ ಕ್ಲಿಪ್ ಮಾಡಿಕೊಳ್ಳಬಹುದು, ಫೋನ್ ಜೇಬಿನಲ್ಲೇ ಇರುತ್ತೆ, ಚಾರ್ಜಿಂಗ್ ತೂತು ಖಾಲಿ ಇರುತ್ತೆ. ಬೆಲೆ ಮಾತ್ರ ಡಾಂಗಲ್‌ಗಿಂತ ಜಾಸ್ತಿ, ಬ್ಯಾಟರಿ ಹಳೆಯದಾದರೆ ಅದರ ಆಯಸ್ಸೂ ಅಷ್ಟೇ.

ಇನ್ನೊಂದು ವಿಷಯ ಔಟ್‌ಪುಟ್ ಇಂಪೀಡೆನ್ಸ್. ಇದು ಆಂಪಿನದ್ದು. ಹೆಡ್‌ಫೋನಿನ ಓಮ್‌ನ ಎಂಟನೇ ಒಂದು ಭಾಗಕ್ಕಿಂತ ಕಡಿಮೆ ಇರಲಿ ಅನ್ನೋದು ರೂಢಿಯ ಲೆಕ್ಕ. 16 ಓಮ್‌ನ ಇಯರ್‌ಫೋನಿಗೆ 2 ಓಮ್‌ಗಿಂತ ಕಡಿಮೆ. ಜಾಸ್ತಿ ಇದ್ದರೆ, ಅದರಲ್ಲೂ ಒಳಗೆ ನಾಲ್ಕೈದು ಡ್ರೈವರ್ ಇರುವ ಇಯರ್‌ಫೋನುಗಳಲ್ಲಿ, ದನಿಯ ಬಣ್ಣವೇ ಬದಲಾಗುತ್ತೆ. ಹಾಗೇ, ಸೂಕ್ಷ್ಮ ಇಯರ್‌ಫೋನಿಗೆ ಭಾರೀ ಆಂಪ್ ಜೋಡಿಸಿದರೆ ಹಾಡಿಲ್ಲದಾಗಲೂ "ಸ್ಸ್" ಅಂತ ಕೇಳುತ್ತಿರುತ್ತೆ. ಬಲ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅನ್ನೋದು ಇಲ್ಲಿ ಸುಳ್ಳು.

ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿರುವ 32 ಬಿಟ್, 768 ಕಿಲೋಹರ್ಟ್ಸ್ ಅಂಕಿಗಳಿಗೆ ದುಡ್ಡು ಕೊಡಬೇಡಿ. ಸಿಡಿಯ ಗುಣಮಟ್ಟ 16 ಬಿಟ್, 44.1 ಕಿಲೋಹರ್ಟ್ಸ್. ಮನುಷ್ಯನ ಕಿವಿಗೆ ಕೇಳುವ 20 ಕಿಲೋಹರ್ಟ್ಸ್ ತನಕದ್ದೆಲ್ಲ ಅದರಲ್ಲಿ ಹಿಡಿಸುತ್ತೆ. ಭೀಮಸೇನ ಜೋಶಿ, ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ ಅವರ ಹಳೆಯ ಧ್ವನಿಮುದ್ರಣ ಕೇಳುವವರು ನಮ್ಮಲ್ಲಿ ಬಹಳ. ಪುಣೆಯವರು ಸವಾಯಿ ಗಂಧರ್ವ ಉತ್ಸವದಲ್ಲಿ ಕೂತು ಕೇಳಿದವರೂ ಇದ್ದಾರೆ. ನೆನಪಿಡಿ, ಆಂಪ್ ಟೇಪಿನಲ್ಲಿ ಇಲ್ಲದ್ದನ್ನು ತರೋದಿಲ್ಲ. ತಂಬೂರಿಯನ್ನು ಜೋರು ಮಾಡಿದಷ್ಟೇ ಟೇಪಿನ ಸರಸರವನ್ನೂ ಜೋರು ಮಾಡುತ್ತೆ. ಅಂಥವರ ಹತ್ತಿರ ಐದು ಸಾವಿರ ಇದ್ದರೆ ಸಾವಿರ ಡಾಂಗಲ್‌ಗೆ, ನಾಲ್ಕು ಸಾವಿರ ಹೆಡ್‌ಫೋನಿಗೆ ಹಾಕಿ ಅಂತೀನಿ. ದನಿ ನಿಜವಾಗಿ ಬದಲಾಗೋದು ಹೆಡ್‌ಫೋನಿನಲ್ಲಿ.

ಈಗ ಎರಡನೇ ಪ್ರಶ್ನೆ: ಎಲ್ಲಿ ಕೂತು ಕೇಳ್ತೀರಿ? ಮುಖ್ಯವಾದದ್ದು ಇದೇ, ಸ್ವಲ್ಪ ಗಮನ ಕೊಡಿ.

"ವಾಲ್ಯೂಮ್ ಸಾಲಲ್ಲ" ಅನ್ನುವವರಲ್ಲಿ ಬಹಳ ಜನ ಮನೆಯಲ್ಲಿ ಕೇಳುವವರಲ್ಲ. ವಿರಾರ್ ಫಾಸ್ಟ್‌ನಲ್ಲಿ ಬಾಗಿಲ ಹತ್ತಿರ ನಿಂತು ಕೇಳುವವರು, ಬಸ್ಸಿನಲ್ಲಿ ಹಿಂದಿನ ಸೀಟಿನವರು, ಬೈಕಿನ ಹಿಂದೆ ಕೂತವರು. ಅಲ್ಲಿ ಕೊರತೆ ಇರೋದು ಬಲದ್ದಲ್ಲ, ಹೊರಗಿನ ಗದ್ದಲ ಜಾಸ್ತಿ ಆಗಿರೋದು. ಆ ಗದ್ದಲವನ್ನು ಆಂಪಿನಿಂದ ಮೀರಿಸಲು ಹೋದರೆ ಪೆಟ್ಟು ಬೀಳೋದು ಕಿವಿಗೆ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಹೀಗಿದೆ: ದೊಡ್ಡವರಿಗೆ ವಾರಕ್ಕೆ 40 ಗಂಟೆ, 80 ಡೆಸಿಬೆಲ್. ಇಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದರೆ ಹೊತ್ತು ಅರ್ಧ. 83ಕ್ಕೆ 20 ಗಂಟೆ, 86ಕ್ಕೆ 10 ಗಂಟೆ. 95ಕ್ಕೆ ಬಂದರೆ ಇಡೀ ವಾರಕ್ಕೆ ಒಂದೂಕಾಲು ಗಂಟೆ ಮಾತ್ರ. ದಿನಕ್ಕೆ ಎರಡು ಗಂಟೆ ಲೋಕಲ್‌ನಲ್ಲಿ ಓಡಾಡುವ ಹುಡುಗ ಅದನ್ನು ಸೋಮವಾರವೇ ಮುಗಿಸಿರ್ತಾನೆ. ಒಳಕಿವಿಯ ಸಣ್ಣ ಕೂದಲಿನಂಥ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟಲ್ಲ. ಅದಕ್ಕೆ ಯಾವ ಆಂಪೂ ಮದ್ದಲ್ಲ.

ಹಾಗಾದರೆ ಪ್ರಯಾಣದಲ್ಲಿ ಕೇಳುವವರಿಗೆ ಏನು ಬೇಕು? ಗದ್ದಲ ತಡೆಯುವ ಇಯರ್‌ಫೋನ್. ಕಿವಿಗೆ ಸರಿಯಾಗಿ ಕೂರುವ ಅಳತೆಯ ರಬ್ಬರ್ ಟಿಪ್, ಇಲ್ಲವೇ ಫೋಮ್ ಟಿಪ್. ಟಿಪ್ ಬದಲಾಯಿಸಲು ಕೆಲವು ನೂರು ರೂಪಾಯಿ. ಅದರಿಂದಲೇ ವಾಲ್ಯೂಮ್ ಮೂರು ನಾಲ್ಕು ಗೆರೆ ಕೆಳಗೆ ಇಳಿಯಬಹುದು. ಆದರೆ ಹಳಿ ದಾಟುವಾಗ, ರಸ್ತೆ ದಾಟುವಾಗ ಕಿವಿಯಿಂದ ತೆಗೆದುಬಿಡಿ.

ಇನ್ನು ಮನೆಯಲ್ಲಿ, ರಾತ್ರಿಯ ನಿಶ್ಶಬ್ದದಲ್ಲಿ, ಹೋದ ವರ್ಷ ಸಾಕಾಗುತ್ತಿದ್ದ ವಾಲ್ಯೂಮ್ ಈ ವರ್ಷ ಸಾಲುತ್ತಿಲ್ಲ ಅಂದರೆ? ಅದೇ ಫೋನು, ಅದೇ ಹೆಡ್‌ಫೋನು. ಆಗ ಆಂಪ್ ಕೊಳ್ಳಬೇಡಿ, ಮೊದಲು ಮೂರು ಕೆಲಸ ಮಾಡಿ. ಇಯರ್‌ಫೋನಿನ ಬಲೆಯಲ್ಲಿ ಕಿವಿಯ ಗುಗ್ಗೆ ಕಟ್ಟಿದೆಯಾ ನೋಡಿ, ಒಣ ಬ್ರಷ್‌ನಿಂದ ತೆಗೆಯಿರಿ. ಫೋನಿನ ಸೆಟ್ಟಿಂಗ್‌ನಲ್ಲಿ ವಾಲ್ಯೂಮ್ ಮಿತಿ ಆನ್ ಆಗಿದೆಯಾ ನೋಡಿ. ಎರಡೂ ಸರಿ ಇದ್ದರೆ ಕಿವಿ ಪರೀಕ್ಷೆ ಮಾಡಿಸಿ. ಆಡಿಯೋಮೆಟ್ರಿ ಅಂತಾರೆ, ನೋವಿಲ್ಲ, ಅರ್ಧ ಗಂಟೆಯ ಕೆಲಸ. ಮುಂಬೈಯಲ್ಲಿ ಬಾಂದ್ರಾದ ಅಲಿ ಯಾವರ್ ಜಂಗ್ ಸಂಸ್ಥೆ ಇದೆ, ರಜೆಗೆ ಊರಿಗೆ ಹೋದವರಿಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇದೆ. ಮನೆಯಲ್ಲಿ ಅಪ್ಪನೋ ಅಜ್ಜಿಯೋ "ಫೋನಿನ ದನಿ ಸಣ್ಣದಾಯ್ತು" ಅಂದರೂ ಇದೇ ಮಾತು. ಸಣ್ಣದಾಗಿರೋದು ಫೋನಿನ ದನಿಯೇ ಅಂತ ಹೇಳೋಕಾಗಲ್ಲ.

ಇಷ್ಟೆಲ್ಲ ನೋಡಿದ ಮೇಲೂ ಆಂಪ್ ಬೇಕೇ ಬೇಕು ಅಂದರೆ, ಕೊಳ್ಳುವ ದಿನದ ಪಟ್ಟಿ ಇದು. ಲ್ಯಾಮಿಂಗ್ಟನ್ ರೋಡ್ ಇರಲಿ, ರಿಚಿ ಸ್ಟ್ರೀಟ್ ಇರಲಿ, ನೆಹರು ಪ್ಲೇಸ್ ಇರಲಿ, ನಿಮ್ಮದೇ ಫೋನು, ನಿಮ್ಮದೇ ಹೆಡ್‌ಫೋನ್ ತಗೊಂಡು ಹೋಗಿ. ಒನ್‌ಪ್ಲಸ್, ಒಪ್ಪೋ ತರಹದ ಕೆಲವು ಫೋನುಗಳಲ್ಲಿ ಸೆಟ್ಟಿಂಗ್‌ನಲ್ಲಿ ಒಟಿಜಿ ಆನ್ ಮಾಡಬೇಕು, ಇಲ್ಲದಿದ್ದರೆ ಒಳ್ಳೆಯ ಡಾಂಗಲ್ ಕೂಡ ಸತ್ತ ಹಾಗೆ ಕಾಣುತ್ತೆ. ಹಾಡು ನಿಲ್ಲಿಸಿ ಸುಮ್ಮನೆ ಕೇಳಿ, "ಸ್ಸ್" ಇದೆಯಾ? ಡೇಟಾ ಆನ್ ಇಟ್ಟು ಕೇಳಿ, ಟಿಕ್ ಟಿಕ್ ಸದ್ದು ಬರುತ್ತಾ? ವಾಲ್ಯೂಮಿನ ಅತಿ ಕೆಳಗಿನ ಗೆರೆಯಲ್ಲಿ ಕೇಳಿ, ಅಲ್ಲೂ ಜೋರಾಗಿದ್ದರೆ ಆ ಆಂಪ್ ನಿಮ್ಮ ಇಯರ್‌ಫೋನಿಗೆ ಜಾಸ್ತಿ. ಹತ್ತು ನಿಮಿಷ ಓಡಿಸಿ ಮುಟ್ಟಿ ನೋಡಿ, ಬೆಚ್ಚಗಾಗೋದು ಸಹಜ, ಸುಡಬಾರದು. ಬಿಲ್ಲು, ವಾಪಸಾತಿಯ ದಿನ ಎಷ್ಟು ಅನ್ನೋದನ್ನು ಕೇಳಿ ಬರೆಸಿಕೊಳ್ಳಿ. ಆನ್‌ಲೈನ್ ತರಿಸಿದರೂ ಇದೇ ಪರೀಕ್ಷೆಯನ್ನು ವಾಪಸಾತಿಯ ಅವಧಿಯೊಳಗೆ ಮುಗಿಸಿ.

ಮನೆಗೆ ತಂದ ಮೇಲೆ ಒಂದು ಅಭ್ಯಾಸ ಇಟ್ಟುಕೊಳ್ಳಿ. ಹೆಡ್‌ಫೋನ್ ಕಿವಿಗೆ ಇಡುವ ಮುಂಚೆ ವಾಲ್ಯೂಮ್ ಪೂರ್ತಿ ಇಳಿಸಿ, ಆಮೇಲೆ ನಿಧಾನವಾಗಿ ಏರಿಸಿ, ಮಾತು ಸ್ಪಷ್ಟ ಆಯ್ತು ಅನ್ನುವಲ್ಲಿ ನಿಲ್ಲಿಸಿ. ಒಳ್ಳೆಯ ಆಂಪ್ ಸಿಕ್ಕಿದೆ ಅಂತ ಗೊತ್ತಾಗೋದೂ ಅಲ್ಲೇ, ಕಡಿಮೆ ದನಿಯಲ್ಲೂ ತಂಬೂರಿಯ ನಾಲ್ಕು ತಂತಿ ಬೇರೆ ಬೇರೆಯಾಗಿ ಕೇಳಿದರೆ.